ವಾರ್ಡ್ ಬಿಟ್ಟು ಕ್ಲಾಸಿಗೆ ಬಂದೆ, 11 ವರ್ಷ ಮಾಡಿದ ಕೆಲಸವನ್ನೇ ಹೇಳಿಕೊಡಲು ಆಗುತ್ತಿಲ್ಲ

ಕುಂಬಳೆ ಸಿಸ್ಟರ್ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾನು ಓದುವುದೇ ಜಾಸ್ತಿ, ಬರೆಯುತ್ತಿರುವುದು ಇದೇ ಮೊದಲು. ಉದ್ದ ಆದರೆ ಬೇಸರ ಮಾಡಬೇಡಿ.

ಬಿಎಸ್ಸಿ ನರ್ಸಿಂಗ್ ಮುಗಿಸಿ ಮಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ಒಟ್ಟು 11 ವರ್ಷ ಕೆಲಸ ಮಾಡಿದೆ. ಕುಂಬಳೆಯಿಂದ ದಿನಾ ರೈಲು. ನಡುವೆ 2 ವರ್ಷ ಬಿಟ್ಟು ಎಂಎಸ್ಸಿ ಮಾಡಿಕೊಂಡೆ, ಮೆಡಿಕಲ್ ಸರ್ಜಿಕಲ್. ಮಗಳು ಶಾಲೆಗೆ ಸೇರಿದ ಮೇಲೆ ನೈಟ್ ಡ್ಯೂಟಿ ಕಷ್ಟವಾಯಿತು, ಅತ್ತೆಗೂ ವಯಸ್ಸಾಯಿತು. ಈ ವರ್ಷ ಒಂದು ನರ್ಸಿಂಗ್ ಕಾಲೇಜಿಗೆ ಟ್ಯೂಟರ್ ಆಗಿ ಸೇರಿದೆ. ನೈಟ್ ತಪ್ಪಲಿ ಅಂತ ಮಾತ್ರ ಬಂದವಳಲ್ಲ. ಐಸಿಯುಗೆ ಹೊಸದಾಗಿ ಬರುವ ಹುಡುಗಿಯರನ್ನು ಯಾವಾಗಲೂ ನನ್ನ ಜೊತೆಗೇ ಹಾಕುತ್ತಿದ್ದರು. ಅವರಿಗೆ ಹೇಳಿಕೊಡುವುದು ನನಗೆ ತುಂಬಾ ಇಷ್ಟದ ಕೆಲಸ. ಕಾಲೇಜಿನಲ್ಲೂ ಅದನ್ನೇ ಮಾಡುವುದು ಅಲ್ವಾ ಅಂದುಕೊಂಡಿದ್ದೆ.

ಮೊದಲ ಪಾಠ ಉಸಿರಾಟದ ತೊಂದರೆ ಇರುವ ರೋಗಿಯ ಆರೈಕೆ. ನಾನು ದಿನಾ ಮಾಡಿದ ಕೆಲಸ. 50 ನಿಮಿಷದ ಪಾಠ 20 ನಿಮಿಷಕ್ಕೆ ಮುಗಿದುಹೋಯಿತು. ಇನ್ನೇನು ಹೇಳಬೇಕು ಅಂತ ಹೊಳೆಯಲೇ ಇಲ್ಲ. ಉಳಿದ ಹೊತ್ತು ಪಠ್ಯಪುಸ್ತಕ ತೆಗೆದು ಓದಿಸಿದೆ.

ಅದನ್ನಾದರೂ ಮರೆಯಬಹುದು. ಎರಡನೇ ವಾರ ವಾರ್ಡ್ ಪೋಸ್ಟಿಂಗ್‌ಗೆ ಮಕ್ಕಳನ್ನು ಕರೆದುಕೊಂಡು ಹೋದೆ. ಒಂದು ಬೆಡ್ ದಾಟುವಾಗ ಅಲ್ಲಿದ್ದ ಅಜ್ಜನನ್ನು ನೋಡಿ ನಿಂತೆ. ತಕ್ಷಣ ಡ್ಯೂಟಿ ಡಾಕ್ಟರನ್ನು ಕರೆಯಿರಿ ಅಂದೆ. ಮಾನಿಟರ್ ಇರಲಿಲ್ಲ. ಅರ್ಧ ಗಂಟೆಯಲ್ಲಿ ಅವರನ್ನು ಐಸಿಯುಗೆ ಹಾಕಿದರು. ಒಬ್ಬಳು ಹುಡುಗಿ ನನ್ನ ಹತ್ತಿರ ಬಂದು, "ಹೇಗೆ ಗೊತ್ತಾಯಿತು ಟೀಚರ್?" ಅಂತ ಕೇಳಿದಳು. "ನೋಡಿದರೆ ಗೊತ್ತಾಗುತ್ತದೆ" ಅಂದೆ. ಅವಳು ಅದನ್ನು ಹಾಗೆಯೇ ಪುಸ್ತಕದಲ್ಲಿ ಬರೆದುಕೊಂಡಳು. ಮರುದಿನ ಅವಳ ಪುಸ್ತಕ ತಿದ್ದುವಾಗ ಆ ಸಾಲು ಕಂಡೆ. ಅದರ ಕೆಳಗೆ ಗೆರೆ ಬೇರೆ ಎಳೆದಿದ್ದಳು.

ಅವತ್ತಿನಿಂದ ನಿದ್ರೆ ಸರಿಯಾಗಿ ಬರುತ್ತಿಲ್ಲ. ನನಗೆ ಗೊತ್ತಿರುವುದು ಅವಳಿಗೆ ಸಿಗಲಿಲ್ಲ ಅಂದರೆ ನಾನು ಅಲ್ಲಿ ಯಾಕೆ ಇರಬೇಕು? ಹಳೆಯ ಇನ್‌ಚಾರ್ಜ್ ಸಿಸ್ಟರ್ ವಾಪಸ್ ಬಾ ಅನ್ನುತ್ತಿದ್ದಾರೆ. ಸಂಬಳವೂ ಅಲ್ಲೇ ಜಾಸ್ತಿ ಇತ್ತು. ವಾರ್ಡ್ ಬಿಟ್ಟು ಪಾಠಕ್ಕೆ ಹೋದವರು ಇಲ್ಲಿ ಇದ್ದರೆ ದಯವಿಟ್ಟು ಹೇಳಿ. ನಿಮಗೂ ಹೀಗೆ ಆಗಿತ್ತಾ?

ಪೆರ್ಲದ ಫಿಸಿಯೋ · ರಾತ್ರಿ 10:05

ಆಗಿತ್ತು ಅಕ್ಕ. ಪಾರ್ಶ್ವವಾಯು ಆದವರನ್ನು ಮಂಚದಿಂದ ಕುರ್ಚಿಗೆ ಕೂರಿಸುವುದನ್ನು ನಾನು ಕಣ್ಣು ಮುಚ್ಚಿ ಮಾಡುತ್ತಿದ್ದೆ. ಕಾಲೇಜಿನಲ್ಲಿ ಅದನ್ನು ಹೇಳಲು ಹೊರಟಾಗ ನನ್ನ ಬಲಗಾಲು ಎಲ್ಲಿಡುತ್ತೇನೆ ಅಂತಲೇ ನೆನಪಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಎದ್ದು ನಿಂತು, ಕುರ್ಚಿ ಎದುರಿಟ್ಟು, ಮಾಡಿ ನೋಡಿ ಬರೆದುಕೊಂಡೆ.

ನನಗೆ ಸಹಾಯ ಆದದ್ದು ಪರೀಕ್ಷೆಯ ಚೆಕ್‌ಲಿಸ್ಟ್ ಬರೆಯುವ ಕೆಲಸ. ಓಸ್ಕಿ ಪರೀಕ್ಷೆ ನಿಮಗೆ ಗೊತ್ತಿದೆ. ಸ್ಟೇಷನ್‌ನಿಂದ ಸ್ಟೇಷನ್‌ಗೆ ಮಕ್ಕಳು ಹೋಗುವುದು, ಪ್ರತಿ ಕಡೆ ಒಂದು ಕೆಲಸ ಮಾಡಿ ತೋರಿಸುವುದು. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ತಂದ ಪದ್ಧತಿ. ಅದರಲ್ಲಿ "ಚೆನ್ನಾಗಿ ಮಾಡಿದ" ಅಂತ ಅಂಕ ಕೊಡಲು ಆಗುವುದಿಲ್ಲ. ಚಕ್ರಕ್ಕೆ ಬ್ರೇಕ್ ಹಾಕಿದನಾ, ಕುರ್ಚಿಯನ್ನು ರೋಗಿಗೆ ಶಕ್ತಿ ಇರುವ ಬದಿಗೆ ಇಟ್ಟನಾ, ಏನು ಮಾಡುತ್ತೇನೆ ಅಂತ ರೋಗಿಗೆ ಮೊದಲೇ ಹೇಳಿದನಾ, ಒಂದೊಂದೇ ಬರೆಯಬೇಕು. ಪರೀಕ್ಷೆಗೆ ಅಂತ ಕೂತು ಬರೆದಾಗಲೇ ನನ್ನ ಕೆಲಸ ನನಗೆ ಅರ್ಥವಾದದ್ದು.

ಹೊಸಂಗಡಿ ಟೀಚರ್ · ರಾತ್ರಿ 10:50

ಕುಂಬಳೆ ಸಿಸ್ಟರ್, ಆ ಹುಡುಗಿ ಎಳೆದ ಗೆರೆಯ ಬಗ್ಗೆ ಓದಿ ನನ್ನ ಮೊದಲ ವರ್ಷ ನೆನಪಾಯಿತು. ನಾನು 9 ವರ್ಷ ಲೇಬರ್ ರೂಮಿನಲ್ಲಿ ಇದ್ದು ಕಾಲೇಜಿಗೆ ಬಂದವಳು. ಪಾಠ ಮಾಡಲು ಹಿಡಿದು ಈಗ 14 ವರ್ಷ.

ನಿಮಗೆ ಗೊತ್ತಿರುವುದು ಕಣ್ಣಲ್ಲಿ, ಕೈಯಲ್ಲಿ ಹೋಗಿ ಕೂತಿದೆ. ಹೊಸತರಲ್ಲಿ ನೀವೂ ಒಂದೊಂದೇ ಹೆಜ್ಜೆ ಯೋಚಿಸಿ ಮಾಡುತ್ತಿದ್ದಿರಿ. ವರ್ಷ ಕಳೆದ ಹಾಗೆ ಆ ಹೆಜ್ಜೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ನೀರುದೋಸೆ ಎರೆಯುವ ಅಮ್ಮನ ಹತ್ತಿರ ಹಿಟ್ಟು ಎಷ್ಟು ತೆಳ್ಳಗೆ ಇರಬೇಕು ಅಂತ ಕೇಳಿ. "ಸೌಟಿನಲ್ಲಿ ಎತ್ತಿದರೆ ತಿಳಿಯುತ್ತದೆ" ಅನ್ನುತ್ತಾರೆ. ಅವರು ಮುಚ್ಚಿಡುತ್ತಿಲ್ಲ. ಅವರಿಗೆ ಅದು ಮಾತಿನ ರೂಪದಲ್ಲಿ ಇಲ್ಲ, ಅಷ್ಟೆ.

ಆ ಅಂಟು ಬಿಡಿಸುವುದೇ ಈಗ ನಿಮ್ಮ ಕೆಲಸ. ನಾನು ಮಾಡಿದ್ದು ಹೇಳುತ್ತೇನೆ. ಹೆರಿಗೆ ಹತ್ತಿರ ಬಂತು ಅಂತ ನನಗೆ ಬಾಗಿಲಿನಿಂದಲೇ ತಿಳಿಯುತ್ತಿತ್ತು. ಒಂದು ರಾತ್ರಿ ನೋಟ್‌ಬುಕ್ ತೆಗೆದು ಕೂತೆ. "ಗೊತ್ತಾಗುತ್ತದೆ", "ಅನ್ನಿಸುತ್ತದೆ" ಅಂತ ಬರೆಯಬಾರದು ಅಂತ ನನಗೆ ನಾನೇ ನಿಯಮ ಹಾಕಿಕೊಂಡೆ. ಕಣ್ಣಿಗೆ ಏನು ಬಿತ್ತು, ಕಿವಿಗೆ ಏನು ಬಿತ್ತು, ಕೈಗೆ ಏನು ತಾಗಿತು, ಅಷ್ಟೇ ಬರೆಯಬೇಕು. ಬರೆಯುತ್ತಾ ಹೋದ ಹಾಗೆ ಬಂತು. ತಾಯಿಯ ಕೂಗು ಬದಲಾಗುತ್ತದೆ, ಗಂಟಲಿನಿಂದ ತಿಣುಕುವ ಸದ್ದು ಬರುತ್ತದೆ. ಮೇಲ್ದುಟಿಯ ಮೇಲೆ ಬೆವರು. ಕಾಲು ನಡುಗುತ್ತದೆ. ಲೆಟ್ರಿನ್‌ಗೆ ಹೋಗಬೇಕು ಅನ್ನುತ್ತಾರೆ. ಇಷ್ಟು ಹೊತ್ತು ಮಾತಾಡುತ್ತಿದ್ದವರು ನಮ್ಮ ಮಾತಿಗೆ ಉತ್ತರ ಕೊಡುವುದನ್ನು ನಿಲ್ಲಿಸುತ್ತಾರೆ. ಇದೆಲ್ಲ ನನಗೆ ಒಂದೇ ನೋಟದಲ್ಲಿ ಸಿಗುತ್ತಿತ್ತು. ಮರುವಾರ ಆ ಪುಟವನ್ನೇ ಪಾಠ ಮಾಡಿದೆ.

ನೀವೂ ಆ ಅಜ್ಜನನ್ನು ನೆನಪು ಮಾಡಿಕೊಂಡು ಬರೆಯಿರಿ. ನಿಂತದ್ದು ಯಾಕೆ? ಕಾಲು ನಿಲ್ಲುವ ಮೊದಲು ಕಣ್ಣು ಏನನ್ನೋ ನೋಡಿರಬೇಕು.

ಇನ್ನು ಕೈಕೆಲಸ ಕಲಿಸುವುದು. ಪೇಟನ್ ಅನ್ನುವವರ ನಾಲ್ಕು ಹಂತದ ಕ್ರಮ ನನಗೆ ತುಂಬಾ ಉಪಯೋಗ ಆಗಿದೆ. ಮೊದಲು ನೀವು ಮಾತಾಡದೆ, ಮಾಮೂಲಿ ವೇಗದಲ್ಲಿ ಮಾಡಿ ತೋರಿಸಿ. ಎರಡನೇ ಸಲ ಒಂದೊಂದು ಹೆಜ್ಜೆಗೂ ನಿಲ್ಲಿಸಿ, ಯಾಕೆ ಅಂತ ಹೇಳುತ್ತಾ ಮಾಡಿ. ಮೂರನೇ ಸಲ ನೀವು ಮಾಡಿ, ಆದರೆ ಮುಂದಿನ ಹೆಜ್ಜೆ ಏನು ಅಂತ ಮಕ್ಕಳು ಹೇಳಬೇಕು. ಅವರು ಹೇಳದೆ ನಿಮ್ಮ ಕೈ ಓಡಬಾರದು. ನಾಲ್ಕನೆಯದು ಅವರದೇ ಕೈ, ಅವರದೇ ಮಾತು. ಮೂರನೇ ಹಂತವನ್ನು ನಾವು ಯಾವಾಗಲೂ ಬಿಟ್ಟುಬಿಡುತ್ತೇವೆ. ಮಕ್ಕಳಿಗೆ ಎಲ್ಲಿ ಗೊಂದಲ ಅಂತ ಗೊತ್ತಾಗುವುದು ಅಲ್ಲಿಯೇ. ಸಕ್ಷನ್ (ಉಸಿರಿನ ದಾರಿಯ ಕಫವನ್ನು ನಳಿಗೆಯಿಂದ ಎಳೆದು ತೆಗೆಯುವುದು) ಕಲಿಸುವಾಗ ಮಾಡಿ ನೋಡಿ. ಮೊದಲು ಆಮ್ಲಜನಕ ಕೊಡಬೇಕು ಅನ್ನುವುದನ್ನು ಅರ್ಧ ಮಕ್ಕಳು ಬಿಡುತ್ತಾರೆ. ಒಂದು ಸಲಕ್ಕೆ 10ರಿಂದ 15 ಸೆಕೆಂಡಿಗಿಂತ ಜಾಸ್ತಿ ಎಳೆಯಬಾರದು ಅಂತ ಬಾಯಿಪಾಠ ಹೇಳುತ್ತಾರೆ, ಆದರೆ ಕೈ ನಿಲ್ಲುವುದಿಲ್ಲ. ನಾನು ಅವರಿಗೆ ತಮ್ಮದೇ ಉಸಿರು ಬಿಗಿಹಿಡಿದು ಮಾಡಿ ಅನ್ನುತ್ತೇನೆ.

20 ನಿಮಿಷಕ್ಕೆ ಪಾಠ ಮುಗಿದದ್ದಕ್ಕೆ ಹೆದರಬೇಡಿ. ಬೇಗ ಮುಗಿಯುವುದು ಅಂಟಿಕೊಂಡ ಹೆಜ್ಜೆಗಳಿಂದಲೇ.

ಉಪ್ಪಳದ ಲ್ಯಾಬ್ ಅಣ್ಣ · ಸೋಮವಾರ ಬೆಳಗ್ಗೆ 6:30

ನಾನು ಬೇರೆ ಮಾತು ಹೇಳುತ್ತೇನೆ. ಟೀಚರ್ ಬೇಸರ ಮಾಡಬಾರದು.

12 ವರ್ಷ ಲ್ಯಾಬ್‌ನಲ್ಲಿ ಇದ್ದು ಒಂದು ಕಾಲೇಜಿಗೆ ಎಂಎಲ್‌ಟಿ (ಲ್ಯಾಬ್ ಟೆಕ್ನಾಲಜಿ) ಮಕ್ಕಳಿಗೆ ಪಾಠ ಮಾಡಲು ಹೋದೆ. 3 ವರ್ಷ ಇದ್ದು ವಾಪಸ್ ಬಂದೆ. ಕಲಿಸಲು ಬರದೆ ಬಂದದ್ದಲ್ಲ. ಅಲ್ಲಿ ಕಲಿಸಲು ಬಿಡಲಿಲ್ಲ. ನನಗೆ ಹೆಮಟಾಲಜಿ, ಅಂದರೆ ರಕ್ತದ ವಿಷಯ, ಚೆನ್ನಾಗಿ ಗೊತ್ತು. ಕೊಟ್ಟದ್ದು ನಾಲ್ಕು ವಿಷಯ, ಅದರಲ್ಲಿ ಎರಡು ನಾನು ಕಾಲೇಜು ಬಿಟ್ಟ ಮೇಲೆ ಮುಟ್ಟದ್ದು. ಇನ್‌ಸ್ಪೆಕ್ಷನ್ ಬಂದರೆ ಎರಡು ತಿಂಗಳು ಫೈಲೇ ಫೈಲು. ಲಾಗ್‌ಬುಕ್, ಹಾಜರಿ, ಲೆಸನ್ ಪ್ಲಾನ್, ಎಲ್ಲಕ್ಕೂ ಹಿಂದಿನ ತಾರೀಕು ಹಾಕಿ ಬರೆಯುವುದು. ಮೈಕ್ರೋಸ್ಕೋಪ್ 40 ಮಕ್ಕಳಿಗೆ ಸರಿ ಇದ್ದದ್ದು ಮೂರು. ಸಂಬಳ ಎರಡು ತಿಂಗಳಿಗೆ ಒಮ್ಮೆ.

ಈಗ ನಾನು ಲ್ಯಾಬ್‌ನಲ್ಲೇ ಇದ್ದೇನೆ. ಟ್ರೇನಿಗಳು ಬರುತ್ತಾರೆ. ಒಬ್ಬೊಬ್ಬರನ್ನೇ ಪಕ್ಕ ಕೂರಿಸಿಕೊಂಡು ಸ್ಮಿಯರ್ ಎಳೆಯಲು, ಅಂದರೆ ರಕ್ತದ ಹನಿಯನ್ನು ಸ್ಲೈಡ್ ಮೇಲೆ ತೆಳ್ಳಗೆ ಹರಡಲು, ಕಲಿಸುತ್ತೇನೆ. ಸ್ಲೈಡ್ ಹಿಡಿಯುವ ಕೋನ 30ರಿಂದ 45 ಡಿಗ್ರಿ ಅಂತ ಪುಸ್ತಕದಲ್ಲಿದೆ. ರಕ್ತ ತೆಳ್ಳಗಿದ್ದರೆ ಕೋನ ಸ್ವಲ್ಪ ಏರಿಸಬೇಕು, ದಪ್ಪ ಇದ್ದರೆ ಇಳಿಸಬೇಕು. ರಕ್ತಹೀನತೆ ಇರುವವರ ಸ್ಯಾಂಪಲ್ ಬಂದಾಗ ಅದನ್ನು ಕೈ ಹಿಡಿದು ತೋರಿಸಬಹುದು. ಕ್ಲಾಸಿನಲ್ಲಿ ಆ ಸ್ಯಾಂಪಲ್ ಎಲ್ಲಿಂದ ತರುವುದು?

ಸಿಸ್ಟರ್, ವಾಪಸ್ ಹೋದರೆ ಸೋತ ಹಾಗೆ ಅಂತ ತಿಳಿಯಬೇಡಿ. ವಾರ್ಡಿನಲ್ಲೇ ಇದ್ದೂ ಕಲಿಸಬಹುದು.

ಹೊಸಂಗಡಿ ಟೀಚರ್ · ಬೆಳಗ್ಗೆ 7:10

ಅಣ್ಣ, ನೀವು ಹೇಳಿದ್ದು ನಿಜ. ಅಂಥ ಜಾಗ ನಾನೂ ನೋಡಿದ್ದೇನೆ. ಅದಕ್ಕೇ ಸೇರುವ ಮೊದಲು ಕೇಳಬೇಕಾದದ್ದನ್ನು ಕೇಳಬೇಕು. ಯಾವ ವಿಷಯ ಕೊಡುತ್ತಾರೆ, ಪೋಸ್ಟಿಂಗ್‌ಗೆ ಯಾವ ಆಸ್ಪತ್ರೆ, ಅಲ್ಲಿ ಟೀಚರ್ ಬೆಡ್ ಹತ್ತಿರ ಹೋಗಬಹುದಾ, ಮಕ್ಕಳು ಎಷ್ಟು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹೇಳುವುದು 10 ಮಕ್ಕಳಿಗೆ ಒಬ್ಬ ಟೀಚರ್ ಅಂತ. ಪೋಸ್ಟಿಂಗ್‌ಗೆ ಒಬ್ಬರ ಹಿಂದೆ 25 ಮಕ್ಕಳನ್ನು ಕಳಿಸುವ ಕಡೆ ಯಾರಿಂದಲೂ ಕಲಿಸಲು ಆಗುವುದಿಲ್ಲ.

ಮೆಸೇಜಿನಲ್ಲಿ ಮೂವರು ಅರ್ಹತೆ ಕೇಳಿದ್ದಾರೆ, ಇಲ್ಲೇ ಹೇಳುತ್ತೇನೆ. ಎಂಎಸ್ಸಿ ನರ್ಸಿಂಗ್ 2 ವರ್ಷ. ಅದಕ್ಕೆ ಸೇರಲು ಬಿಎಸ್ಸಿಯಲ್ಲಿ 55 ಶೇಕಡಾ ಮತ್ತು ಕನಿಷ್ಠ 1 ವರ್ಷ ಕೆಲಸದ ಅನುಭವ ಬೇಕು. ಟ್ಯೂಟರ್ ಆಗಿ ಬಿಎಸ್ಸಿಯವರನ್ನೂ ಅನುಭವ ನೋಡಿ ತೆಗೆದುಕೊಳ್ಳುತ್ತಾರೆ, ಎಂಎಸ್ಸಿ ಇದ್ದರೆ ಒಳ್ಳೆಯದು. ಅಸಿಸ್ಟೆಂಟ್ ಪ್ರೊಫೆಸರ್‌ಗೆ ಎಂಎಸ್ಸಿ ಮತ್ತು 3 ವರ್ಷ ಪಾಠದ ಅನುಭವ. ಕುಂಬಳೆ ಸಿಸ್ಟರ್‌ನ 11 ವರ್ಷದ ಐಸಿಯು ಇಲ್ಲಿ ಪಾಠದ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಇದರ ಬಗ್ಗೆ ಬೇಸರ ಇದೆ. ಅಷ್ಟು ವರ್ಷ ಹೊಸಬರಿಗೆ ಕಲಿಸಿದ್ದು ಕಲಿಸಿದ್ದೇ ಅಲ್ವಾ?

ಗಡಿಯ ಈಚೆ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಇರುವ ನಮಗೆ ಇನ್ನೊಂದು ವಿಷಯ. ಕೇರಳ ಕೌನ್ಸಿಲ್‌ನಲ್ಲಿ ನೋಂದಣಿ ಇದ್ದು ದೇರಳಕಟ್ಟೆ, ಮಂಗಳೂರು ಕಡೆ ಕೆಲಸಕ್ಕೆ ಹೋದರೆ ಕರ್ನಾಟಕ ಕೌನ್ಸಿಲ್‌ನಲ್ಲೂ ನೋಂದಣಿ ಬೇಕು. ಕಾಗದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಮೊದಲೇ ಹಾಕಿಡಿ.

ಮುಳ್ಳೇರಿಯ ಡಾಕ್ಟ್ರು · ಸೋಮವಾರ ರಾತ್ರಿ 9:15

ಈ ಚರ್ಚೆ ನನಗೂ ಬೇಕಾದದ್ದು. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಶಿಯನ್. ನಮ್ಮಂಥವರು ಮೆಡಿಕಲ್ ಕಾಲೇಜಿಗೆ ಪಾಠಕ್ಕೆ ಹೋಗುವ ಬಾಗಿಲು ಈಚೆಗೆ ಅಗಲ ಆಗಿದೆ. 2025ರ ಜುಲೈಯಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್ ನಿಯಮ ಬದಲಿಸಿತು. 220 ಹಾಸಿಗೆ ಅಥವಾ ಅದಕ್ಕಿಂತ ಜಾಸ್ತಿ ಇರುವ ಸರ್ಕಾರಿ ಆಸ್ಪತ್ರೆಯಲ್ಲಿ 10 ವರ್ಷ ಸ್ಪೆಷಲಿಸ್ಟ್ ಆಗಿದ್ದವರು ಅಸೋಸಿಯೇಟ್ ಪ್ರೊಫೆಸರ್ ಆಗಬಹುದು. 2 ವರ್ಷ ಇದ್ದವರು ಸೀನಿಯರ್ ರೆಸಿಡೆನ್ಸಿ (ಪಿಜಿ ಮುಗಿದ ಮೇಲೆ ಕಾಲೇಜು ಆಸ್ಪತ್ರೆಯಲ್ಲಿ ಮಾಡುವ ಕೆಲಸ) ಮಾಡದೆಯೇ ಅಸಿಸ್ಟೆಂಟ್ ಪ್ರೊಫೆಸರ್ ಆಗಬಹುದು, ಆದರೆ ಸೇರಿ 2 ವರ್ಷದೊಳಗೆ ಬಯೋಮೆಡಿಕಲ್ ರಿಸರ್ಚ್‌ನ ಬೇಸಿಕ್ ಕೋರ್ಸ್ ಮುಗಿಸಬೇಕು.

ನಮ್ಮ ಜಿಲ್ಲೆಗೆ ಇದು ಸಣ್ಣ ಸುದ್ದಿಯಲ್ಲ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. 50 ಎಂಬಿಬಿಎಸ್ ಸೀಟಿಗೆ ಅನುಮತಿ ಬಂದದ್ದು 2025ರಲ್ಲಿ. ನಡುವೆ 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲು ಆಗದೆ ನಮ್ಮವರು ದಾರಿಯಲ್ಲೇ ಸತ್ತರು. ಆಮೇಲೆ ಏಪ್ರಿಲ್‌ನಲ್ಲಿ ಉಕ್ಕಿನಡ್ಕದ ಕಟ್ಟಡವನ್ನೇ ಕೋವಿಡ್ ಆಸ್ಪತ್ರೆ ಮಾಡಿದರು. ಆ ದಿನಗಳಲ್ಲಿ ನಾನು ಡ್ಯೂಟಿಯಲ್ಲಿದ್ದೆ. ಕಟ್ಟಡ, ಮಂಚ, ಯಂತ್ರ ಬೇಗ ಬರಬಹುದು. ಕಲಿತವರು ಬೇಗ ಬರುವುದಿಲ್ಲ, ಅವರಿಗೆ ಯಾರಾದರೂ ಕಲಿಸಬೇಕು. ಈ ಊರಿನ ರೋಗಿಗಳನ್ನು ನೋಡಿದವರೇ ಕಲಿಸಿದರೆ ಒಳ್ಳೆಯದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಆದರೆ ಹೊಸ ನಿಯಮದಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ. 10 ವರ್ಷ ರೋಗಿ ನೋಡಿದರೆ ಕಲಿಸಲು ಬಂದೇ ಬರುತ್ತದೆ ಅನ್ನುವ ನಂಬಿಕೆ ಅದರಲ್ಲಿದೆ. ಕುಂಬಳೆ ಸಿಸ್ಟರ್ ಬರೆದದ್ದು ಓದಿದರೆ ಅದು ಸಾಲದು ಅಂತ ತಿಳಿಯುತ್ತದೆ. ವೈದ್ಯಕೀಯ ಟೀಚರ್‌ಗಳಿಗೆ ಮೆಡಿಕಲ್ ಎಜುಕೇಶನ್‌ನ ಬೇಸಿಕ್ ಕೋರ್ಸ್ ಇದೆ, 3 ದಿನದ್ದು. ಒಳ್ಳೆಯದೇ. 3 ದಿನದಲ್ಲಿ ದಾರಿ ತೋರಿಸಬಹುದು, ನಡೆಯುವುದು ನಾವೇ.

ಕಮ್ಯುನಿಟಿ ಮೆಡಿಸಿನ್ (ಊರಿನ ಜನರ ಆರೋಗ್ಯದ ವಿಷಯ) ಪಾಠಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಪುಸ್ತಕ ಬೇಕಾ? ಎಣ್ಮಕಜೆಯ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ಅವರ ಚಿಕ್ಕ ಕ್ಲಿನಿಕ್. ಅಷ್ಟು ಸಣ್ಣ ಜಾಗದಲ್ಲಿ ಇಷ್ಟು ಜನಕ್ಕೆ ಇಂಥ ಕಾಯಿಲೆ ಯಾಕೆ ಅಂತ 1990ರ ದಶಕದಲ್ಲೇ ಅವರು ಕೇಳಲು ಶುರು ಮಾಡಿದರು. ಗೇರು ತೋಟಗಳಿಗೆ 20 ವರ್ಷಕ್ಕೂ ಜಾಸ್ತಿ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಕತೆ ಆಮೇಲೆ ಲೋಕಕ್ಕೆ ಗೊತ್ತಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಎಂಡೋಸಲ್ಫಾನ್ ತಯಾರಿ, ಮಾರಾಟ, ಬಳಕೆ ನಿಲ್ಲಿಸಿತು. ಮನೆಮನೆ ರೋಗಿ ನೋಡುವ ಒಬ್ಬ ಡಾಕ್ಟರು ಲೆಕ್ಕ ಇಟ್ಟು, ಪ್ರಶ್ನೆ ಕೇಳಿದ್ದರಿಂದ ಅದು ಶುರುವಾದದ್ದು. ನಾನು ಪಾಠಕ್ಕೆ ಹೋದರೆ ಮೊದಲ ದಿನ ಇದನ್ನೇ ಹೇಳುತ್ತೇನೆ. ಮಕ್ಕಳ ಕೈಗೆ ಒಂದು ಒಪಿ (ಹೊರರೋಗಿಗಳ) ರಿಜಿಸ್ಟರ್ ಕೊಟ್ಟು, ಇದರಲ್ಲಿ ನಿಮಗೆ ಯಾವುದು ವಿಚಿತ್ರ ಕಾಣುತ್ತದೆ ಅಂತ ಕೇಳುತ್ತೇನೆ.

ಊರು ಮಂಜೇಶ್ವರ, ಈಗ ಇಂಗ್ಲೆಂಡ್ · ಮಂಗಳವಾರ ಬೆಳಗ್ಗೆ 4:20

ಇಲ್ಲಿ ಇನ್ನೂ ರಾತ್ರಿ. ಡ್ಯೂಟಿ ಮುಗಿಸಿ ಬಂದ ಹಳೆಯ ಅಭ್ಯಾಸ, ನಿದ್ರೆ ತಡ.

ನಾನು ಇಲ್ಲಿ 8 ವರ್ಷ ವಾರ್ಡಿನಲ್ಲಿದ್ದು ಈಗ ಒಂದು ಯೂನಿವರ್ಸಿಟಿಯಲ್ಲಿ ನರ್ಸಿಂಗ್ ಲೆಕ್ಚರರ್. ಇಂಗ್ಲೆಂಡಿನಲ್ಲಿ 2013ರಿಂದ ಹೊಸದಾಗಿ ನರ್ಸ್ ಆಗುವವರೆಲ್ಲ ಡಿಗ್ರಿಯನ್ನೇ ಓದಬೇಕು. ಕೋರ್ಸಿನ 4,600 ಗಂಟೆಯಲ್ಲಿ ಅರ್ಧ ತರಗತಿ, ಅರ್ಧ ವಾರ್ಡ್. ವಾರ್ಡಿನ ಭಾಗವನ್ನು ನಾವು ಲೆಕ್ಚರರ್‌ಗಳು ನೋಡುವುದಿಲ್ಲ. ಅಲ್ಲಿನ ನರ್ಸ್‌ಗಳೇ ಪ್ರಾಕ್ಟೀಸ್ ಸೂಪರ್‌ವೈಸರ್, ಪ್ರಾಕ್ಟೀಸ್ ಅಸೆಸರ್ ಅಂತ ಇರುತ್ತಾರೆ. ಹಾಗಾಗಿ ಇಲ್ಲಿನ ತೊಂದರೆ ಬೇರೆ. ಮೊದಲ ವರ್ಷ ನಾನು ನರ್ಸಾ, ಅಲ್ವಾ ಅನ್ನುವುದೇ ಗೊತ್ತಾಗಲಿಲ್ಲ. ಯೂನಿಫಾರ್ಮ್ ಇಲ್ಲ. ಯಾರೂ ಸಿಸ್ಟರ್ ಅನ್ನುವುದಿಲ್ಲ. ಸಹೋದ್ಯೋಗಿಗಳು ಸಂಶೋಧನೆ, ಲೇಖನ ಅಂತ ಮಾತಾಡುವಾಗ ನಾನು ಸುಮ್ನೆ ಕೂತಿರುತ್ತಿದ್ದೆ. ವಾರ್ಡಿನಲ್ಲಿ ನಾನು ಹೇಳಿದ್ದನ್ನು ಎಲ್ಲರೂ ಕೇಳುತ್ತಿದ್ದರು. ಇಲ್ಲಿ ನಾನು ಎಲ್ಲರಿಗಿಂತ ಹೊಸಬಳು.

ಸಮಾಧಾನ ಕೊಟ್ಟದ್ದು ಒಂದು ಸಣ್ಣ ಕಾಗದ. ಇಲ್ಲಿ ನಮ್ಮ ನೋಂದಣಿ 3 ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ 450 ಗಂಟೆ ಕೆಲಸ ಮಾಡಿರಬೇಕು. ಪಾಠ ಮಾಡಿದ್ದೂ ಆ ಗಂಟೆಗೆ ಸೇರುತ್ತದೆ. ಆ ಫಾರ್ಮ್ ತುಂಬುವಾಗ ನನಗೆ ಕಣ್ಣು ತುಂಬಿತು. ಕಲಿಸುವುದೂ ನರ್ಸಿಂಗೇ ಅಂತ ಅಲ್ಲಿ ಬರೆದಿತ್ತು.

ಕೆಲಸದ ಜೊತೆಗೇ ಪಾಠ ಮಾಡುವುದರ ಬಗ್ಗೆ ಪೋಸ್ಟ್‌ಗ್ರಾಜುಯೇಟ್ ಸರ್ಟಿಫಿಕೇಟ್ ಮಾಡಿಸಿದರು. ಅದರಲ್ಲಿ ಉಪಯೋಗ ಆದದ್ದು ಓದಿದ್ದಕ್ಕಿಂತ, ಒಬ್ಬ ಹಿರಿಯರು ನನ್ನ ಕ್ಲಾಸಿನಲ್ಲಿ ಹಿಂದೆ ಬಂದು ಕೂತದ್ದು. "ನೀವು 40 ನಿಮಿಷದಲ್ಲಿ ಆರು ರೋಗಿಗಳ ಕತೆ ಹೇಳಿದಿರಿ, ಮಕ್ಕಳಿಗೆ ತುಂಬಾ ಇಷ್ಟವಾಯಿತು, ಆದರೆ ಒಂದಕ್ಕೂ ಪ್ರಶ್ನೆ ಇರಲಿಲ್ಲ" ಅಂದರು. ಅದು ನಿಜ. ಈಗ ಒಂದೇ ಕತೆ ಹೇಳುತ್ತೇನೆ. ನಡುವೆ ನಿಲ್ಲಿಸುತ್ತೇನೆ. ನೀವು ಆ ಮಂಚದ ಹತ್ತಿರ ಇದ್ದಿದ್ದರೆ ಈಗ ಏನು ಮಾಡುತ್ತಿದ್ದಿರಿ ಅಂತ ಕೇಳುತ್ತೇನೆ.

ಕತೆ ಹೇಳುವಾಗ ಒಂದು ಎಚ್ಚರ. ನಮ್ಮ ಊರಲ್ಲಿ "ಪೈವಳಿಕೆ ಹತ್ತಿರದವರು, ಅಡಿಕೆ ಮರದಿಂದ ಬಿದ್ದರು, ಎರಡು ಹೆಣ್ಣುಮಕ್ಕಳು" ಅಂದರೆ ಸಾಕು, ಯಾರು ಅಂತ ಅರ್ಧ ಕ್ಲಾಸಿಗೆ ತಿಳಿಯುತ್ತದೆ. ಹೆಸರು ಬಿಟ್ಟರೆ ಸಾಲದು. ಊರು, ಕೆಲಸ, ವಯಸ್ಸು ಎಲ್ಲ ಬದಲಿಸಿ ಹೇಳಿ.

ನೀರ್ಚಾಲು ಫೈನಲ್ ಇಯರ್ · ಮಂಗಳವಾರ ಸಂಜೆ 5:50

ನಾನು ವಿದ್ಯಾರ್ಥಿನಿ, ಇಲ್ಲಿ ಬರೆಯಬಹುದಾ ಗೊತ್ತಿಲ್ಲ. ಕುಂಬಳೆಯ ಅಕ್ಕನಿಗೆ ಒಂದು ಮಾತು ಹೇಳಬೇಕು ಅನ್ನಿಸಿತು.

ನಾನು 10ನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮೊದಲ ಸೆಮಿಸ್ಟರ್‌ನಲ್ಲಿ ಅನಾಟಮಿ ಪೂರ್ತಿ ಇಂಗ್ಲಿಷ್. ಹಾಸ್ಟೆಲ್‌ನಲ್ಲಿ ಅಳುತ್ತಿದ್ದೆ. ಎರಡನೇ ವರ್ಷ ವಾರ್ಡಿನಿಂದ ಬಂದ ಒಬ್ಬರು ಟೀಚರ್ ಸಿಕ್ಕರು. ಅವರ ಸ್ಲೈಡ್ ಚೆನ್ನಾಗಿ ಇರಲಿಲ್ಲ, ಇಂಗ್ಲಿಷ್ ಮಧ್ಯೆ ನಿಲ್ಲುತ್ತಿತ್ತು. ಆದರೆ ಎದೆನೋವಿನ ಪಾಠದ ದಿನ ಅವರು ಬೋರ್ಡ್ ಮೇಲೆ ಬರೆದದ್ದು ನಾನು ಮರೆಯುವುದಿಲ್ಲ. ತುಳುವಿನಲ್ಲಿ "ತಿಗಲೆ ಬೇನೆ" ಅನ್ನುತ್ತಾರೆ, ಮಲಯಾಳದಲ್ಲಿ "ನೆಂಜುವೇದನ" ಅನ್ನುತ್ತಾರೆ, ಕನ್ನಡದವರು "ಎದೆ ಹಿಡಿದ ಹಾಗೆ ಆಗುತ್ತದೆ" ಅನ್ನುತ್ತಾರೆ. ಕೆಲವು ಅಜ್ಜಿಯರು ಎದೆಯ ಮಾತೇ ಎತ್ತದೆ "ಗ್ಯಾಸ್" ಅನ್ನುತ್ತಾರೆ, ಅವರನ್ನೇ ಜಾಸ್ತಿ ಗಮನಿಸಿ ಅಂದರು. ಪುಸ್ತಕದಲ್ಲಿ ಇದು ಎಲ್ಲೂ ಇಲ್ಲ. ಪೋಸ್ಟಿಂಗ್‌ಗೆ ಹೋದಾಗ ನನಗೆ ಬೇಕಾದದ್ದು ಅದೇ.

ಇನ್ನೊಂದು. ಮಕ್ಕಳ ಎದುರು ಬೈಯಬೇಡಿ ಅಕ್ಕ. ರೋಗಿಯ ಎದುರಂತೂ ಬೇಡವೇ ಬೇಡ. ವಾರ್ಡಿನಲ್ಲಿ ಅವಸರದಲ್ಲಿ ಬೈಯುವುದು ಅಭ್ಯಾಸ ಆಗಿರುತ್ತದೆ ಅಂತ ಗೊತ್ತು. ನಮಗೆ ಆಮೇಲೆ ಕೈ ನಡುಗುತ್ತದೆ.

ಪೈವಳಿಕೆ ಪಾಲಿಯೇಟಿವ್ · ರಾತ್ರಿ 8:30

ಮಗಳೇ, ಚೆನ್ನಾಗಿ ಬರೆದಿದ್ದೀ.

ನಾನು ಪಂಚಾಯತಿನ ಹೋಂ ಕೇರ್ ನರ್ಸ್. ನರ್ಸಿಂಗ್ ಮಕ್ಕಳು ಕೆಲವು ಸಲ ನಮ್ಮ ಜೀಪಿನಲ್ಲಿ ಬರುತ್ತಾರೆ. ಅವರ ಟೀಚರ್ ಜೊತೆಗೆ ಬಂದ ದಿನ ಮಕ್ಕಳು ಬೇರೆಯೇ ಕಲಿಯುತ್ತಾರೆ. ಒಮ್ಮೆ ಒಬ್ಬರು ಟೀಚರ್ ಸೀರೆ ಸೆರಗು ಸಿಕ್ಕಿಸಿ, ನೆಲದಲ್ಲಿ ಕೂತು, ಒಬ್ಬ ಅಜ್ಜಿಯ ಬೆನ್ನಿನ ಹುಣ್ಣು ತೊಳೆದರು. ಮಕ್ಕಳು ನೋಡುತ್ತಾ ನಿಂತರು. ಅವತ್ತು ಯಾರಿಗೂ ಏನೂ ಹೇಳಬೇಕಾಗಿ ಬರಲಿಲ್ಲ.

ಕುಂಬಳೆ ಸಿಸ್ಟರ್, ವಾರಕ್ಕೆ ಒಂದು ದಿನವಾದರೂ ರೋಗಿಯನ್ನು ಮುಟ್ಟುವ ಕೆಲಸ ಉಳಿಸಿಕೊಳ್ಳಿ. ಕಾಲೇಜಿನವರ ಹತ್ತಿರ ಮೊದಲೇ ಕೇಳಿ. ಎರಡು ವರ್ಷ ಕಳೆದ ಮೇಲೆ ಕೇಳಿದರೆ ಕೊಡುವುದಿಲ್ಲ, ಆಗ ನಮಗೂ ಹೋಗಲು ಧೈರ್ಯ ಇರುವುದಿಲ್ಲ.

ಪೆರ್ಲದ ಫಿಸಿಯೋ · ರಾತ್ರಿ 8:45

ಇದು ನೂರಕ್ಕೆ ನೂರು ನಿಜ. ನನಗೆ 4ನೇ ವರ್ಷಕ್ಕೆ ಹಾಗಾಯಿತು. ಹೊಸ ಯಂತ್ರ ಬಂದಿತ್ತು, ಮಕ್ಕಳ ಎದುರು ಕೈ ಹಾಕಲು ಹೆದರಿದೆ. ಈಗ ಶನಿವಾರ ಕ್ಲಿನಿಕ್‌ಗೆ ಹೋಗುತ್ತೇನೆ.

ಕುಂಬಳೆ ಸಿಸ್ಟರ್ · ಮೂರು ವಾರದ ಮೇಲೆ, ಶನಿವಾರ ರಾತ್ರಿ 9:20

ಇಷ್ಟು ದಿನ ಉತ್ತರ ಕೊಡಲಿಲ್ಲ, ಕ್ಷಮಿಸಿ. ಎಲ್ಲರ ಮಾತನ್ನೂ ಮತ್ತೆ ಮತ್ತೆ ಓದಿದೆ. ಉಪ್ಪಳದ ಅಣ್ಣ, ನಿಮ್ಮ ಮಾತನ್ನೂ.

ಟೀಚರ್ ಹೇಳಿದ ಹಾಗೆ ನೋಟ್‌ಬುಕ್ ಹಿಡಿದು ಕೂತೆ. ಮೊದಲ ರಾತ್ರಿ ಎರಡೇ ಸಾಲು ಬಂತು. ಮೂರನೇ ರಾತ್ರಿ ಆ ಅಜ್ಜ ಪೂರ್ತಿ ಕಣ್ಣ ಮುಂದೆ ಬಂದರು. ದಿಂಬಿಗೆ ಒರಗಿರಲಿಲ್ಲ, ಮುಂದಕ್ಕೆ ಬಾಗಿ ಎರಡೂ ಕೈ ಮಂಚಕ್ಕೆ ಊರಿ ಕೂತಿದ್ದರು. ಕುತ್ತಿಗೆಯ ಸ್ನಾಯು ಪ್ರತಿ ಉಸಿರಿಗೂ ಎದ್ದು ಕಾಣುತ್ತಿತ್ತು. ಮಗ ಏನೋ ಕೇಳಿದಾಗ ಒಂದು ಪದ ಹೇಳಿ, ಉಸಿರು ತೆಗೆದು, ಇನ್ನೊಂದು ಪದ ಹೇಳಿದರು. ಹಣೆಯಲ್ಲಿ ಬೆವರು, ಫ್ಯಾನ್ ಇದ್ದರೂ. ಬೆರಳು ಬೆಡ್‌ಶೀಟನ್ನು ಹೆಕ್ಕುತ್ತಿತ್ತು. ಪಕ್ಕದಲ್ಲಿ ತಿಂಡಿ ಹಾಗೆಯೇ ಇತ್ತು. ಇಷ್ಟನ್ನು ನಾನು ನಡೆಯುತ್ತಾ ನೋಡಿದ್ದೆ ಅಂತ ನನಗೇ ಗೊತ್ತಿರಲಿಲ್ಲ.

ಆ ಪುಟ ತೆಗೆದುಕೊಂಡು ಕ್ಲಾಸಿಗೆ ಹೋದೆ. ಊರು, ವಯಸ್ಸು ಬದಲಿಸಿದೆ. ಅಜ್ಜ ಕೂತ ಹಾಗೆ ನಾನೇ ಮೇಜಿನ ಮೇಲೆ ಕೂತು ತೋರಿಸಿದೆ. ಏನು ಕಾಣುತ್ತದೆ ಅಂತ ಕೇಳಿದೆ. ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಕೈ ಅಂದಳು, ಇನ್ನೊಬ್ಬಳು ಮಾತು ಅಂದಳು. ಮಕ್ಕಳನ್ನು ಜೋಡಿ ಮಾಡಿ, ಒಬ್ಬರ ಉಸಿರನ್ನು ಇನ್ನೊಬ್ಬರು ಪೂರ್ತಿ 1 ನಿಮಿಷ ಎಣಿಸಲು ಹೇಳಿದೆ. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿದವರ ಲೆಕ್ಕ ಪಕ್ಕದಲ್ಲಿ ಬರೆಸಿದೆ. ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ಅವರೇ ನೋಡಿದರು. ರೋಗಿ ಹದಗೆಡುವಾಗ ಎಷ್ಟೋ ಸಲ ಮೊದಲು ಬದಲಾಗುವುದು ಉಸಿರಿನ ಲೆಕ್ಕ, ವಾರ್ಡಿನಲ್ಲಿ ಎಲ್ಲರೂ ಅಂದಾಜಿಗೆ 20 ಅಂತ ಬರೆಯುವುದೂ ಅದನ್ನೇ ಅಂತ ಹೇಳಿದೆ. ಬೆಲ್ ಹೊಡೆದಾಗ ಪಾಠ ಇನ್ನೂ ಮುಗಿದಿರಲಿಲ್ಲ.

ಗೆರೆ ಎಳೆದ ಆ ಹುಡುಗಿಯನ್ನು ಕರೆದು, ನಾನು ಅವತ್ತು ಹೇಳಿದ್ದು ಸಾಲದು ಅಂತ ಹೇಳಿ ಪುಟದ ಪ್ರತಿ ಕೊಟ್ಟೆ. ಹಳೆಯ ಸಾಲನ್ನು ಅವಳು ಹೊಡೆದು ಹಾಕಲಿಲ್ಲ. ಅದರ ಕೆಳಗೆ 1, 2, 3 ಅಂತ ಹಾಕಿ ಬರೆದುಕೊಂಡಳು.

ಎಲ್ಲ ಸರಿಯಾಯಿತು ಅಂತಲ್ಲ. ಫಾರ್ಮಕಾಲಜಿಯ (ಔಷಧಗಳ ವಿಷಯ) ಒಂದು ಭಾಗ ನನ್ನ ತಲೆಗೆ ಹಾಕಿದ್ದಾರೆ, ಅದಕ್ಕೆ ರಾತ್ರಿ 12ರವರೆಗೆ ಓದುತ್ತಿದ್ದೇನೆ. ಕಳೆದ ವಾರ ಒಬ್ಬ ಹುಡುಗನಿಗೆ ವಾರ್ಡಿನಲ್ಲಿ ಜೋರು ಮಾಡಿದೆ, ಆಮೇಲೆ ನೀರ್ಚಾಲು ತಂಗಿಯ ಮಾತು ನೆನಪಾಗಿ ಅವನ ಹತ್ತಿರ ಮಾತಾಡಿದೆ. ವಾರಕ್ಕೆ ಒಂದು ದಿನ ಐಸಿಯುಗೆ ಹೋಗಲು ಬಿಡಿ ಅಂತ ಪ್ರಿನ್ಸಿಪಾಲರಿಗೆ ಪತ್ರ ಕೊಟ್ಟಿದ್ದೇನೆ. ನೋಡೋಣ ಅಂದಿದ್ದಾರೆ. ಇನ್‌ಚಾರ್ಜ್ ಸಿಸ್ಟರ್‌ಗೆ ಮಾರ್ಚ್‌ವರೆಗೆ ಸಮಯ ಕೇಳಿದ್ದೇನೆ.

ಪೆರ್ಲದ ಅಣ್ಣ, ನಿಮ್ಮ ಚೆಕ್‌ಲಿಸ್ಟ್‌ನ ಒಂದು ಮಾದರಿ ಕಳಿಸುತ್ತೀರಾ? ಸೋಮವಾರದಿಂದ ಸಕ್ಷನ್ ಶುರು. ಟೀಚರ್ ಹೇಳಿದ ಮೂರನೇ ಹಂತವನ್ನು ಈ ಸಲ ಬಿಡುವುದಿಲ್ಲ.